ಮೊದಲ ದಿನ ಸಹಿ ಹಾಕಿಸಿಕೊಳ್ಳದ ವಕೀಲರು

ಮೂಕಾಂಬಿಕಾ ವಕೀಲರ ಕಚೇರಿಯ ಮೆಟ್ಟಿಲು ಹತ್ತಿದ ಮೊದಲ ದಿನವೇ ವಕಾಲತ್ತಿಗೆ ಸಹಿ ಹಾಕಿ ಇಳಿದು ಬಂದವರು ಸೋಮವಾರಪೇಟೆ ಸೀಮೆಯಲ್ಲಿ ಒಬ್ಬರೂ ಇಲ್ಲ. ಮೈಯೆಲ್ಲ ಕೋಪ ತುಂಬಿಕೊಂಡು, ಇವತ್ತೇ ಕೇಸು ಜಡಿಯಬೇಕು ಎಂದು ಬಂದವರನ್ನು ಅವರು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ಹೇಳುವುದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿ, ಆಮೇಲೆ ಖರ್ಚಿನ ಮಾತು ತೆಗೆಯುತ್ತಾರೆ. ಅದು ಮುಗಿದ ಮೇಲೂ ಪೆನ್ನು ಕೊಡುವುದಿಲ್ಲ. "ನಾಳೆಯೋ ನಾಡಿದ್ದೋ ಬಿಡುವು ಮಾಡಿಕೊಂಡು ಕೋರ್ಟು ಹಾಲಿನ ಹಿಂದಿನ ಬೆಂಚಿನಲ್ಲಿ ಒಂದು ದಿನ ಕೂತು ಬನ್ನಿ. ಬೇರೆಯವರ ಕೇಸು ನೋಡಿ. ಅದಾದ ಮೇಲೂ ಹಾಕಬೇಕು ಅನ್ನಿಸಿದರೆ ನನ್ನ ಹತ್ತಿರ ಬನ್ನಿ" ಎಂದು ಬಾಗಿಲ ತನಕ ಬಂದು ಬೀಳ್ಕೊಡುತ್ತಾರೆ. ಹಾಗೆ ಹೋದವರಲ್ಲಿ ಅರ್ಧ ಜನ ತಿರುಗಿ ಬರುವುದಿಲ್ಲವೆಂದು ಊರಿನವರು ನಗುತ್ತಾರೆ, ಅವರೂ ನಗುತ್ತಾರೆ.

ಅವರನ್ನು ದಾರಿಯಲ್ಲಿ ಕಂಡವರಿಗೆ ಇವರು ವಕೀಲರೆಂದು ತೋರುವುದು ಕಪ್ಪು ಕೋಟಿನಿಂದ ಮಾತ್ರ. ಅರವತ್ತರ ಆಚೀಚಿನ ತೆಳ್ಳಗಿನ ಹೆಂಗಸು, ಬಿಳಿ ಸೀರೆ, ಎಡಗಂಕುಳಲ್ಲಿ ಕಾಗದದ ಕಟ್ಟು. ನಡೆಯುವಾಗ ಅವರಿಗೆ ಮಾತಾಡಲು ಬರುವುದಿಲ್ಲ, ಮಾತಾಡುವಾಗ ನಡೆಯಲು ಬರುವುದಿಲ್ಲ. ಕೋರ್ಟಿನಿಂದ ಕಚೇರಿಗೆ ಬರುವ ಇಳಿಜಾರಿನಲ್ಲಿ ಯಾರಾದರೂ ಒಂದು ಪ್ರಶ್ನೆ ಕೇಳಿದರೆ ಸಾಕು, ರಸ್ತೆಯ ನಡುವೆಯೇ ನಿಂತುಬಿಡುತ್ತಾರೆ. ಉತ್ತರ ಪೂರ್ತಿಯಾಗುವ ತನಕ ಹಿಂದಿನ ಜೀಪು ಹಾರನ್ನು ಹೊಡೆದರೂ, ಮುಂದಿನ ಆಟೋ ಸುತ್ತು ಹಾಕಿ ಹೋದರೂ ಕಾಲು ಕೀಳುವುದಿಲ್ಲ. ಕೋಟಿನ ಮೊಣಕೈ ಸವೆದು ಹರಿದಾಗ ಟೈಲರ್ ರಾಜು ಹಳೆಯ ಕೊಡೆಯ ಬಟ್ಟೆಯನ್ನು ಒಳಗಿಂದ ಕೊಟ್ಟು ತೇಪೆ ಹಾಕಿದ್ದಾನೆ; ಬಿಸಿಲು ಬಿದ್ದಾಗ ಅಷ್ಟು ಜಾಗ ಮಾತ್ರ ಮಿರಮಿರ ಹೊಳೆಯುತ್ತದೆ.

ಈ ರಾಜುವೂ ಒಂದು ಕಾಲಕ್ಕೆ ಅವರ ಮೆಟ್ಟಿಲು ಹತ್ತಿದವನೇ. ಪಕ್ಕದ ಅಂಗಡಿಯವನು ಗೋಡೆಯನ್ನು ಇವನ ಕಡೆಗೆ ಗೇಣುದ್ದ ಸರಿಸಿದನೆಂದು ಕುದಿಯುತ್ತಿದ್ದ. ಖರ್ಚೆಲ್ಲ ಕೇಳಿಸಿಕೊಂಡು, ಬೆಂಚಿನಲ್ಲಿ ಒಂದು ದಿನ ಕೂತು, ನೇರ ಮೈಸೂರಿಗೆ ಹೋಗಿ ಕೇಸಿಗೆ ಹೋಗಬೇಕಿದ್ದ ದುಡ್ಡಿನಲ್ಲಿ ಕರೆಂಟಿನ ಹೊಲಿಗೆ ಮಿಷಿನ್ನು ತಂದ. ಈಗಲೂ ವಕೀಲರು ಅಂಗಡಿಯ ಮುಂದೆ ಹಾದು ಹೋದರೆ, "ಮೇಡಂ, ನೀವು ಹಾಕದ ಕೇಸು ಚೆನ್ನಾಗಿ ಓಡ್ತಾ ಇದೆ!" ಎಂದು ಮಿಷಿನ್ನನ್ನು ತಟ್ಟಿ ತೋರಿಸುತ್ತಾನೆ. ಅವರು ನಿಲ್ಲುತ್ತಾರೆ, ನಿಂತ ಮೇಲೆ ಮಾತಾಡಲೇಬೇಕು: "ಎಣ್ಣೆ ಬಿಡ್ತಾ ಇದ್ದೀಯೇನಪ್ಪಾ?"

ಖರ್ಚನ್ನು ಮೊದಲೇ ಹೇಳುವ ಈ ಗುಣ ಅವರಿಗೆ ತಂದೆಯಿಂದ ಬಂದದ್ದು. ಅವರ ತಂದೆ ಭಾಗಮಂಡಲದ ಕಡೆಯ ಒಂದು ಸಣ್ಣ ದೇವಸ್ಥಾನದಲ್ಲಿ ಅರ್ಚಕರಾಗಿದ್ದರು. ಹರಕೆ ಹೊತ್ತು ಕಣ್ಣೀರಿಡುತ್ತಾ ಬಂದವರನ್ನೂ ಅವರು ಹೊಸಿಲ ಹೊರಗೇ ನಿಲ್ಲಿಸಿ, ಹಣ್ಣುಕಾಯಿಗೆ ಇಷ್ಟು, ಅಭಿಷೇಕಕ್ಕೆ ಇಷ್ಟು, ತಟ್ಟೆಗೆ ನಿಮ್ಮ ಇಷ್ಟ ಎಂದು ಬಿಡಿಸಿ ಹೇಳುತ್ತಿದ್ದರಂತೆ. ದೇವರ ಎದುರು ಕೈ ಜೋಡಿಸಿದ ಮೇಲೆ ದುಡ್ಡಿನ ಮಾತು ಬರಬಾರದು, ಅದಕ್ಕೇ ಮೊದಲು ಆಡಿಬಿಡಬೇಕು ಎನ್ನುವುದು ಅವರ ಶಿಸ್ತು. ಮಗಳು ಗರ್ಭಗುಡಿಯ ಬದಲು ನ್ಯಾಯಾಲಯಕ್ಕೆ ಸೇರಿದರು. ಶಿಸ್ತು ಮಾತ್ರ ಅದೇ ಉಳಿಯಿತು. ಅದಕ್ಕೆ ಅವರು ತಮ್ಮದೊಂದು ಮಾತನ್ನು ಸೇರಿಸಿಕೊಂಡರು. ಎದುರಿನವರು ಏನೇ ಹೇಳಲಿ, ತಲೆಯನ್ನು ಸ್ವಲ್ಪ ಓರೆ ಮಾಡಿ, "ಆಮೇಲೆ?" ಎನ್ನುತ್ತಾರೆ. ಆ ಮಾತಿನಲ್ಲಿ ವ್ಯಂಗ್ಯವಿಲ್ಲ, ಅವಸರವಿಲ್ಲ. ಮಗು ಕಥೆ ಕೇಳುವಾಗ ಕೇಳುವ ಹಾಗೆಯೇ ಕೇಳುತ್ತಾರೆ. ಉತ್ತರ ಹೇಳುವವರಿಗೆ ಮಾತ್ರ ಮೂರನೆಯ 'ಆಮೇಲೆ'ಗೆ ಬಾಯಿ ಒಣಗುತ್ತದೆ.

ಅವರನ್ನು ನಾನು ಹತ್ತಿರದಿಂದ ಕಂಡದ್ದು ನನ್ನ ತಮ್ಮ ಶಾಂತಪ್ಪನ ದೆಸೆಯಿಂದ. ನಮ್ಮ ಚಿಕ್ಕಪ್ಪನ ಮಗ ನಿರಂಜನ್ ಆ ವರ್ಷ ಮಳೆಗಾಲ ಕಳೆಯುತ್ತಿದ್ದ ಹಾಗೆ ತನ್ನ ತೋಟದ ಗಾಡಿದಾರಿಗೆ ಕಬ್ಬಿಣದ ಗೇಟು ನಿಲ್ಲಿಸಿ ಬೀಗ ಹಾಕಿದ. ಶಾಂತಪ್ಪನ ಕೆಳಗಿನ ತೋಟಕ್ಕೆ ಇರುವುದು ಅದೊಂದೇ ದಾರಿ. ಕಾಫಿ ಹಣ್ಣು ಕುಯ್ಲು ಶುರುವಾಗುವುದರೊಳಗೆ ದಾರಿ ಬಿಡದಿದ್ದರೆ ಹಣ್ಣಿನ ಚೀಲವನ್ನೆಲ್ಲ ನೀರಿನ ತೋಡು ಇಳಿದು, ಕಡಿದಾದ ದರೆ ಹತ್ತಿ, ತಲೆಹೊರೆಯಲ್ಲಿ ತರಬೇಕು. ಹಾಗೆ ಹೊರುವ ಆಳು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ? ಹಣ್ಣು ಗಿಡದಲ್ಲೇ ಒಣಗಿ ಉದುರುವುದೊಂದೇ ಉಳಿದ ದಾರಿ. ಇದರ ಮೇಲೆ ಸೊಸೈಟಿಯ ಮಹಾಸಭೆಯಲ್ಲಿ ಇಬ್ಬರೂ ಎದ್ದು ನಿಂತು ಬೈದಾಡಿದ್ದರು. ನಿರಂಜನ್ ಇವನನ್ನು ಎಲ್ಲರೆದುರು ಕಳ್ಳ ಎಂದಿದ್ದ. ಶಾಂತಪ್ಪನಿಗೆ ಊಟ ಸೇರದಾಯಿತು. "ಅಕ್ಕ, ನೀನೂ ಬಾ. ನಾನೊಬ್ನೇ ಹೋದ್ರೆ ಏನಾದ್ರೂ ಹೆಚ್ಚುಕಮ್ಮಿ ಮಾತಾಡ್ತೀನಿ" ಎಂದ. ಅವನು ನಾನಿದ್ದರೂ ಮಾತಾಡುತ್ತಾನೆ, ಆದರೂ ಹೋದೆ.

ಎಲ್ಲವನ್ನೂ ಹೇಳಿ ಮುಗಿಸಿ ಶಾಂತಪ್ಪ ಮೇಜಿನ ಮೇಲೆ ಕೈ ಊರಿದ. "ಮೇಡಂ, ದಾರಿದೊಂದು ಕೇಸು. ಅದ್ರ ಜೊತೆ ಹತ್ತು ಲಕ್ಷ ಮಾನನಷ್ಟ ಹಾಕಿ. ಅವ್ನು ನಡುಗಿಹೋಗ್ಬೇಕು."

"ಹಾಕೋಣ. ಆಮೇಲೆ?"

"ಆಮೇಲೇನು, ಓಡ್ಬಂದು ಗೇಟು ತೆಗೀತಾನೆ."

"ನಡುಗಿದವನು ಗೇಟು ತೆಗೀತಾನೋ, ಇನ್ನೊಂದು ಬೀಗ ತಂದು ಹಾಕ್ತಾನೋ, ಅದು ನನಗೆ ಗೊತ್ತಿಲ್ಲ. ನನಗೆ ಗೊತ್ತಿರೋದು ಇಷ್ಟು: ಹತ್ತು ಲಕ್ಷ ಕೇಳಬೇಕಾದರೆ ಕೋರ್ಟು ಫೀಸು ಅರವತ್ತು ಸಾವಿರ ದಾಟುತ್ತೆ."

"ದಾಟ್ಲಿ ಬಿಡಿ, ಕಟ್ತಾನೆ."

"ಅವರಲ್ಲ ಶಾಂತಪ್ಪನವರೇ. ನೀವು."

ಶಾಂತಪ್ಪ ನನ್ನ ಮುಖ ನೋಡಿದ, ಗೋಡೆಯ ಕ್ಯಾಲೆಂಡರ್ ನೋಡಿದ, ಮತ್ತೆ ಅವರ ಕಡೆ ತಿರುಗಿದ. "ಬೈದವ್ನು ಅವ್ನು. ಬೈಸ್ಕೊಂಡವ್ನು ನಾನು. ದುಡ್ಡೂ ನಂದೇನಾ?"

"ಸೋಮವಾರದ ಸಂತೆಗೆ ಶುಂಠಿ ತಗೊಂಡು ಹೋಗ್ತೀರಲ್ಲ, ಹೆಚ್ಚು ಜಾಗ ಹಿಡಿದು ಹರಡಿದರೆ ಹೆಚ್ಚು ಸುಂಕ. ವ್ಯಾಪಾರ ಆಗಲಿ ಬಿಡಲಿ, ಸುಂಕದವನು ಬೆಳಿಗ್ಗೆಯೇ ಬಂದು ನಿಲ್ತಾನೆ. ಕೋರ್ಟಿನಲ್ಲೂ ಹಾಗೆಯೇ. ಎಷ್ಟು ಕೇಳ್ತೀರೋ ಅದರ ಮೇಲೆ ಫೀಸು. ಕೇಳಿದ್ದು ಸಿಗದಿದ್ದರೆ ಹೋಯಿತು."

"ಇವ್ನು ಹತ್ತು ಲಕ್ಷ ಯಾವತ್ತು ನೋಡಿದ್ದ ಅಂತ ಕೇಳಿ ಮೇಡಂ" ಎಂದೆ ನಾನು.

"ಸುಮ್ನಿರು ಅಕ್ಕ."

"ಬರೀ ದಾರಿ ಹಕ್ಕು ಕೇಳಿದರೆ?" ಎಂದು ಅವರೇ ಮುಂದುವರಿಸಿದರು, "ಅದಕ್ಕೆ ಫೀಸು ಒಂದು ಚೀಲ ಗೊಬ್ಬರದ ದುಡ್ಡೂ ಆಗೋದಿಲ್ಲ. ಆದರೆ ಅದನ್ನು ಕೇಳಿ ಹಗುರ ಆಗಬೇಡಿ. ಗಿಡ ನೆಡೋ ಖರ್ಚು ಬೇರೆ, ತೋಟ ಸಾಕೋ ಖರ್ಚು ಬೇರೆ."

ಆಮೇಲೆ ಅವರು ಹೇಳಿದ ಕ್ರಮವನ್ನು ನಾನು ಈಗಲೂ ಮರೆತಿಲ್ಲ, ಏಕೆಂದರೆ ಕಾನೂನಿನ ಮಾತನ್ನು ಅವರು ನಮ್ಮ ತೋಟದ ಮಾತಿಗೆ ಇಳಿಸಿ ಹೇಳಿದ್ದರು. ಕಾಫಿ ಗಿಡಕ್ಕೆ ವರ್ಷ ವರ್ಷ ಚಿಗುರು ತೆಗೆಯುವುದು, ನೆರಳುಮರದ ಕೊಂಬೆ ಕಡಿಯುವ ಮರಗಸಿ, ಔಷಧಿ ಎಂದು ಇರುವ ಹಾಗೆ ಕೇಸಿಗೂ ಇದೆ. ಟೈಪಿಂಗು, ಜೆರಾಕ್ಸು, ಹಳೆಯ ಪಹಣಿ ನಕಾಶೆಗಳ ನಕಲು ಮೊದಲು. ಎದುರಾಳಿಗೆ ಸಮನ್ಸು ಜಾರಿ ಮಾಡಲು ಒಂದು ಫೀಸು, ಮನೆಯಲ್ಲಿ ಅವನು ಸಿಗದಿದ್ದರೆ ಇನ್ನೊಮ್ಮೆ. ದಾರಿ ಇದೆಯೋ ಇಲ್ಲವೋ ನೋಡಿ ಬರಲು ಕೋರ್ಟು ಕಮಿಷನರನ್ನು ಕಳಿಸಿದರೆ ಅವರ ಫೀಸು, ಅಳೆಯುವವರ ಖರ್ಚು, ಜೀಪು. ಸಾಕ್ಷಿಗೆ ಬಂದವರ ಬಸ್ಸು, ಊಟ. ಕಮಿಷನರ ವರದಿ ನಿಮಗೆ ವಿರುದ್ಧವಾಗಿ ಬಂದರೂ ಕೊಟ್ಟ ದುಡ್ಡು ತಿರುಗಿ ಬರುವುದಿಲ್ಲ. ಕೋರ್ಟಿನ ವಾಯಿದೆಗೆ ಕುಯ್ಲು ಗೊತ್ತಿಲ್ಲ, ಗಿಡಕ್ಕೆ ಹೂ ತರುವ ಹೂಮಳೆ ಗೊತ್ತಿಲ್ಲ. ಕರೆದ ದಿನ ಆಳುಗಳನ್ನು ಬಿಟ್ಟು ಬರಬೇಕು. ಇಷ್ಟನ್ನೂ ಹೇಳಿ ತಮ್ಮ ಫೀಸನ್ನೂ ಹೇಳಿದರು, ಅದು ಈ ಕೋರ್ಟಿಗೆ ಮಾತ್ರ, ಅಪೀಲಿಗೆ ಹೋದರೆ ಬೇರೆ ಎಂದೂ ಹೇಳಿದರು.

"ಗೆದ್ರೆ ಖರ್ಚೆಲ್ಲ ಅವ್ನ ತಲೆ ಮೇಲೆ ತಾನೆ?"

"ಕೋರ್ಟು ಕೊಡಿಸಿದರೆ. ಅದೂ ನಿಯಮದ ಪ್ರಕಾರ ಒಂದಷ್ಟು. ನಿಮ್ಮ ಡೀಸೆಲ್ಲಿಗೆ, ಹೋಟೆಲಿನ ಊಟಕ್ಕೆ, ನಿದ್ದೆ ಕೆಟ್ಟದ್ದಕ್ಕೆ ಯಾವ ಕೋರ್ಟಿನಲ್ಲೂ ಕಾಲಂ ಇಲ್ಲ." ಆಮೇಲೆ ನನ್ನ ಕಡೆ ನೋಡಿ, "ಜಾಗ ನಿಮ್ಮ ಅಕ್ಕನ ಹೆಸರಿನಲ್ಲಿ ಇದ್ದಿದ್ದರೆ ಒಂದು ಅನುಕೂಲ ಇತ್ತು. ಹೆಂಗಸರಿಗೆ ಕಾನೂನು ಸೇವಾ ಸಮಿತಿಯಿಂದ ದುಡ್ಡಿಲ್ಲದೆ ವಕೀಲರನ್ನು ಕೊಡ್ತಾರೆ" ಎಂದರು.

ಶಾಂತಪ್ಪ ನನ್ನನ್ನು ತಿರುಗಿ ನೋಡಿದ ರೀತಿ, ಅಷ್ಟು ವರ್ಷ ಅಟ್ಟದ ಮೇಲೆ ಬಿದ್ದಿದ್ದ ಪಾತ್ರೆ ತಾಮ್ರದ್ದೆಂದು ಅವತ್ತು ಗೊತ್ತಾದವನ ಹಾಗಿತ್ತು.

"ಇನ್ನೊಂದು ಕೇಳ್ತೀನಿ. ನಿಮ್ಮ ಕಣದಲ್ಲಿ ಪಲ್ಪರ್ ಮಿಷಿನ್ನು ಇದೆ ಅಂದ್ರಲ್ಲ. ನಿರಂಜನ್ ಅವರ ಹಣ್ಣು ಎಲ್ಲಿ ಸುಲಿಸ್ತಾರೆ?"

"ನಮ್ಮಲ್ಲೇ. ಅವ್ನತ್ರ ಮಿಷಿನ್ ಇಲ್ಲ. ಬಾಡಿಗೆ ಕೊಡ್ತಾನೆ."

"ಕೇಸು ಹಾಕಿದ ಮೇಲೆ?"

"ಹತ್ರ ಸೇರಿಸ್ತೀನಾ ಅವ್ನನ್ನ!"

"ಹಾಗಾದರೆ ಆ ಬಾಡಿಗೆಯನ್ನೂ ಖರ್ಚಿಗೆ ಸೇರಿಸಿಕೊಳ್ಳಿ" ಎಂದು ಎದ್ದು ಬಾಗಿಲ ತನಕ ಬಂದರು. "ಒಂದು ದಿನ ಬೆಂಚಿನಲ್ಲಿ ಕೂತು ಬನ್ನಿ."

ಬೈದುಕೊಂಡೇ ಆದರೂ ಕೂತೆವು. ಬಾಗಿಲಲ್ಲಿ ನಿಂತ ಜವಾನ ಹೆಸರು ಕೂಗುವುದು, ಕೂಗಿಸಿಕೊಂಡವರು ಎದ್ದು ಓಡುವುದು, ಒಮ್ಮೆ ಸೀನುವಷ್ಟರಲ್ಲಿ ಮುಂದಿನ ತಾರೀಕು ತೆಗೆದುಕೊಂಡು ಹೊರಬರುವುದು. ನಮ್ಮ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಮುದುಕರು ಬುತ್ತಿ ಹಿಡಿದು ಕೂತಿದ್ದರು. ಏನು ಕೇಸು ಎಂದು ಶಾಂತಪ್ಪ ಕೇಳಿದ. "ಬೇಲಿದು ಕಣಪ್ಪ. ಬೇಲಿ ಗೂಟವೆಲ್ಲ ಗೆದ್ದಲು ತಿಂದು ಮಣ್ಣಾಯ್ತು. ಕೇಸು ಮಾತ್ರ ಚಿಗುರ್ತಾ ಇದೆ" ಎಂದು ಅವರು ಬುತ್ತಿಯಿಂದ ಒಂದು ಕಡುಬು ತೆಗೆದು ಅವನ ಕೈಗಿಟ್ಟರು. ಅದನ್ನು ತಿನ್ನುವಾಗ ಶಾಂತಪ್ಪನ ಹತ್ತು ಲಕ್ಷ ಕರಗಿದ್ದು ನನಗೆ ಕಾಣಿಸಿತು. ಆದರೆ ಮಧ್ಯಾಹ್ನದ ಮೇಲೆ, ಮನೆಯ ಜಾಗ ಅವಳದ್ದೇ ಎಂದು ಒಬ್ಬ ಹೆಂಗಸಿಗೆ ತೀರ್ಪಾಯಿತು. ಅವಳು ಅಳಲಿಲ್ಲ, ನಗಲಿಲ್ಲ. ಸೆರಗು ಸರಿಮಾಡಿಕೊಂಡು ಕೈ ಮುಗಿದು, ನೆಲ ಗಟ್ಟಿಯಾಗಿದೆಯೋ ಎಂದು ನೋಡುವವಳಂತೆ ಹೆಜ್ಜೆ ಊರಿ ಊರಿ ಹೊರಗೆ ಹೋದಳು. ಶಾಂತಪ್ಪ ಅವಳು ಮರೆಯಾಗುವ ತನಕ ನೋಡಿದ.

ಮಾರನೆಯ ದಿನ ಅವನು ಕಚೇರಿಗೆ ಹೋಗಿ ಹೇಳಿದ್ದು ಇಷ್ಟೇ: "ಮಾನನಷ್ಟ ಬೇಡ ಮೇಡಂ. ಕಳ್ಳ ಅಂದ್ರೆ ಅನ್ಲಿ. ದಾರಿ ಬೇಕು. ಅದಕ್ಕೆಷ್ಟು ಖರ್ಚೋ ಗೊತ್ತಾಗಿದೆ, ಮಾಡ್ತೀನಿ." ಆಗ ಮೂಕಾಂಬಿಕಾ ಮೇಜಿನ ಖಾನೆ ಎಳೆದು ವಕಾಲತ್ತಿನ ಹಾಳೆ ತೆಗೆದರು. ಜನರನ್ನು ಕೇಸಿನಿಂದ ಓಡಿಸುವುದೇ ಅವರ ಕೆಲಸವೆಂದುಕೊಂಡವರು ಅವತ್ತು ಅವರ ಮುಖ ನೋಡಬೇಕಿತ್ತು. ಹೇಳಿದ ಬೆಲೆಗೆ ಒಪ್ಪಿ ಕೊಳ್ಳುವವನು ಸಿಕ್ಕ ವ್ಯಾಪಾರಿಯ ನೆಮ್ಮದಿ ಅಲ್ಲಿತ್ತು. ಕೇಸನ್ನೂ ಅವರು ಬಿಗಿಯಾಗಿಯೇ ಕಟ್ಟಿದರು. ಕುಯ್ಲಿಗೆ ಮೊದಲು ದಾರಿ ನೋಡಿ ವರದಿ ಕೊಡಲೆಂದು ಕಮಿಷನರ ನೇಮಕವನ್ನೂ ಮಾಡಿಸಿದರು.

ಕಮಿಷನರಾಗಿ ಬಂದವರು ಪ್ರಜ್ಞೇಶ್ ಎಂಬ ಎಳೆಯ ವಕೀಲರು. ಅಳೆಯುವವರು ಟೇಪು ಹಿಡಿದು ಗೇಟಿನಿಂದ ಕೆಳಗಿಳಿದರು. ಎರಡು ಕಡೆಯವರೂ ಮೋರಿಯ ಹತ್ತಿರ, ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದೆವು. ಅರೇಬಿಕಾ ಗಿಡಗಳಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು ಕೆಂಪಾಗಿತ್ತು. ನಿರಂಜನನ ಹೆಂಡತಿ ಸುಧಾ ಎಲ್ಲರಿಗೂ ಕಾಫಿ ತಂದಳು. ನಮ್ಮ ಕಡೆ ಯಾವ ಜಗಳವಾದರೂ ಅಂಗಳಕ್ಕೆ ಬಂದವರಿಗೆ ಲೋಟ ತಪ್ಪುವುದಿಲ್ಲ. ಶಾಂತಪ್ಪ ಕೈ ಚಾಚಲಿಲ್ಲ. ಅವನದನ್ನೂ ನಾನೇ ತೆಗೆದುಕೊಂಡೆ.

ನಿರಂಜನ್ ತಡೆಯಲಾರದೆ ಬಾಯಿ ಬಿಟ್ಟ. "ಅಣ್ಣ, ಈ ಕಮಿಷನರಿಗೆ ಎಷ್ಟಂತೆ?"

ಶಾಂತಪ್ಪ ಹೇಳಿದ.

"ಅಷ್ಟಾ? ಅದ್ರಲ್ಲಿ ನಂಗೂ ಬೀಳುತ್ತಾ?"

"ಈಗ ನಂದು. ನೀ ಸೋತ್ರೆ ನಿನ್ ಲೆಕ್ಕಕ್ಕೂ ಬರ್ಬೋದು."

"ನಮ್ ವಕೀಲ್ರು ಇದೇನೂ ಹೇಳ್ಲಿಲ್ವಲ್ಲ. ಬರೀ ಬರ್ತಾ ಇರಿ ಅಂದ್ರು."

"ಹೇಳ್ಲಿಲ್ವಾ!" ಶಾಂತಪ್ಪನ ಧ್ವನಿಯಲ್ಲಿ ಹಗೆತನಕ್ಕಿಂತ ಮರುಕವೇ ಹೆಚ್ಚಿತ್ತು. "ಕೂತ್ಕೋ ಇಲ್ಲಿ. ನಾ ಹೇಳ್ತೀನಿ."

ಮೋರಿಯ ಕಟ್ಟೆಯ ಮೇಲೆ ವಾದಿಯೂ ಪ್ರತಿವಾದಿಯೂ ಪಕ್ಕಪಕ್ಕ ಕೂತರು. ನನ್ನ ತಮ್ಮ ತನಗೆ ಹೇಳಿಕೊಟ್ಟದ್ದನ್ನೆಲ್ಲ, ಸಮನ್ಸಿನಿಂದ ಅಪೀಲಿನ ತನಕ, ಒಂದನ್ನೂ ಬಿಡದೆ ಎದುರಾಳಿಗೆ ಒಪ್ಪಿಸಿದ. ಕೊನೆಗೆ ಪಲ್ಪರಿಗೆ ಬಂದ. "ನಿನ್ ಹಣ್ಣು ಎಲ್ಲಿಗೆ ಹಾಕ್ತೀಯ ಈ ಸಲ?"

"ಶನಿವಾರಸಂತೆ ಕಡೆಗೆ ತಗೊಂಡ್ಹೋಗ್ಬೇಕು ಅಂತಿದ್ದೆ."

"ಲಾರಿ ಬಾಡಿಗೆ? ಅಷ್ಟೊತ್ತಿಗೆ ಹಣ್ಣು ಬಿಸಿಯಾಗಿ ಹುಳಿ ಹಿಡಿಯಲ್ವೇನೋ?"

ನಿರಂಜನ್ ನೆಲ ನೋಡಿದ. "ಹೋದ್ವರ್ಷ ನನ್ ಕಣದಿಂದ ಯಾರೋ ಚೀಲ ಕದ್ರಲ್ಲ, ಅದಕ್ಕೇ ಗೇಟು ಹಾಕ್ಸಿದ್ದು. ನಿಂಗೊಂದು ಬೀಗದ ಕೈ ಕೊಡಣ ಅಂತ್ಲೇ ಇದ್ದೆ. ನೀನು ಸೊಸೈಟಿ ಮೀಟಿಂಗಲ್ಲಿ ಬೈದ್ಯಲ್ಲ."

"ಬೈದಿದ್ದು ನೀನು!"

"ಮೊದ್ಲು ನೀನು, ಅಣ್ಣ."

"ಯಾರು ಮೊದಲು ಅಂತ ಅಳೆಯೋಕೆ ಇನ್ನೊಬ್ರು ಕಮಿಷನರ್ ಬರಬೇಕಾಗುತ್ತೆ. ಕಾಫಿ ಆರುತ್ತೆ, ಕುಡೀರಿ ಇಬ್ರೂ" ಎಂದೆ. ಸುಧಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಶಾಂತಪ್ಪ ಲೋಟ ತೆಗೆದುಕೊಂಡ. ಟೇಪು ಸುತ್ತಿಕೊಂಡು ಮೇಲೆ ಬಂದ ಪ್ರಜ್ಞೇಶ್ ಅವರಿಗೆ, ತಾವು ಬಂದದ್ದು ಯಾರ ಜಗಳ ನೋಡಲು ಎಂದೇ ಒಂದು ಗಳಿಗೆ ತಿಳಿಯಲಿಲ್ಲ.

ಬೀಗದ ಕೈ ಅವತ್ತು ಸಂಜೆಯೇ ಬಂತು. ಕುಯ್ಲಿನ ಪಿಕಪ್ಪು ಅದೇ ದಾರಿಯಲ್ಲಿ ಇಳಿಯಿತು. ಆದರೆ ಅಷ್ಟಕ್ಕೆ ಮೂಕಾಂಬಿಕಾ ಕೈ ತೊಳೆದುಕೊಳ್ಳಲಿಲ್ಲ. ಇಬ್ಬರನ್ನೂ, ನಿರಂಜನನ ವಕೀಲರನ್ನೂ ಕೂರಿಸಿಕೊಂಡು ರಾಜಿಯ ಅರ್ಜಿ ಬರೆಸಿದರು. ಬೀಗ ಕೆಟ್ಟರೆ ಹೊಸದು ಯಾರು ತರಬೇಕು, ಮಳೆಗೆ ದಾರಿ ಕೊರೆದರೆ ಮಣ್ಣು ಯಾರು ಹಾಕಿಸಬೇಕು, ಗೇಟು ಎಷ್ಟು ಅಗಲ ಇರಬೇಕು, ನಾಳೆ ತೋಟ ಮಾರಿದರೆ ಕೊಂಡವನು ಏನು ಮಾಡಬೇಕು. ಒಂದೊಂದಕ್ಕೂ ತಲೆ ಓರೆ ಮಾಡಿ ಕೇಳಿ ಕೇಳಿ ಬರೆಸಿ, ಕೋರ್ಟಿನ ಮುಂದೆ ಇಟ್ಟು, ಆದೇಶ ಮಾಡಿಸಿದ ಮೇಲೆಯೇ ಕಡತ ಕಟ್ಟಿದ್ದು. ಒಳ್ಳೆಯ ಮನಸ್ಸಿನಲ್ಲಿ ಇರುವಾಗಲೇ ಇದನ್ನೆಲ್ಲ ಬರೆಯಲು ಖರ್ಚು ಕಡಿಮೆ ಎಂದರು.

ಆದೇಶವಾದ ದಿನ ಶಾಂತಪ್ಪ ಒಂದು ಚೀಲ ಬೆಣ್ಣೆಹಣ್ಣು ಹೊತ್ತುಕೊಂಡು ಹೋಗಿದ್ದ. ಕೂತು, ಕೆಮ್ಮಿ, ಶುರುಮಾಡಿದ. "ಒಂದು ಬೀಗದ ಕೈಲಿ ಮುಗಿಯೋದಿತ್ತು. ನೀವು ಮೊದ್ಲ ದಿನಾನೇ ರಾಜಿ ಮಾಡ್ಕೊಳ್ಳಿ ಅನ್ಬೋದಿತ್ತಲ್ಲ ಮೇಡಂ?"

"ಅಂದಿದ್ದರೆ ನೀವು ಬೇರೆ ವಕೀಲರ ಹತ್ತಿರ ಹೋಗ್ತಿದ್ರಿ. ಅವತ್ತು ನಿರಂಜನ್ ಅವರೇ ಬೀಗದ ಕೈ ತಂದು ಕೊಟ್ಟಿದ್ದರೂ ಎಸೆದು ಬರ್ತಿದ್ರಿ. ರಾಜಿ ಮಾಡಿ, ಜಗಳ ಮಾಡಿ ಅಂತ ಹೇಳೋದು ನನ್ನ ಕೆಲಸ ಅಲ್ಲ. ಎಷ್ಟಾಗುತ್ತೆ ಅಂತ ಹೇಳೋದು ನನ್ನ ಕೆಲಸ."

"ಅದೂ ಸರಿ. ಕೇಸು ಅರ್ಧಕ್ಕೇ ಮುಗೀತು. ಫೀಸೂ ಅರ್ಧ ಮಾಡ್ಕೊಂಡ್ರೆ..."

"ಬೇಗ ಮುಗಿಸಿದ್ದಕ್ಕೆ ಹೆಚ್ಚು ಕೇಳಬೇಕಿತ್ತು. ಕೇಳ್ತಾ ಇಲ್ಲ" ಎಂದು ಅವರು ಬೆಣ್ಣೆಹಣ್ಣಿನ ಚೀಲವನ್ನು ಸಂತೋಷದಿಂದಲೇ ಪಕ್ಕಕ್ಕೆ ಇಟ್ಟುಕೊಂಡು, ಒಂದನ್ನು ಒತ್ತಿ ನೋಡಿ, "ನಾಡಿದ್ದಿಗೆ ಹಣ್ಣಾಗುತ್ತೆ" ಎಂದರು. ಫೀಸಿನಲ್ಲಿ ಒಂದು ರೂಪಾಯಿ ಇಳಿಯಲಿಲ್ಲ. ಶಾಂತಪ್ಪ ಎಣಿಸಿ ಕೊಟ್ಟ. ಮನೆಗೆ ಬರುವ ದಾರಿಯಲ್ಲಿ ಅದನ್ನು ನೆನೆದು ಅವನು ಗೊಣಗಲಿಲ್ಲ. ತೋಟಕ್ಕೆ ಮೊದಲ ಸಲ ಗೊತ್ತಿದ್ದು ಖರ್ಚು ಮಾಡಿದವನಂತೆ ಪಿಕಪ್ಪನ್ನು ಹಗುರವಾಗಿ ಓಡಿಸಿದ.

ಕಷ್ಟ ಹೇಳಿಕೊಂಡು ಹೋದಾಗ ಬೆನ್ನು ತಟ್ಟುವವರು ಊರ ತುಂಬ ಸಿಗುತ್ತಾರೆ. ಬಿಡಬೇಡ ಎನ್ನುವವರು ಒಂದಷ್ಟು ಜನ, ಹೋಗಲಿ ಬಿಡು ಎನ್ನುವವರು ಒಂದಷ್ಟು ಜನ; ಎರಡೂ ಮಾತು ಆಡುವವರ ಗಂಟಿನಿಂದ ಏನೂ ಹೋಗುವುದಿಲ್ಲ. ಮೂಕಾಂಬಿಕಾರಂಥವರು ಈ ಎರಡನ್ನೂ ಹೇಳುವುದಿಲ್ಲವಾದ್ದರಿಂದ ಮೊದಲ ಭೇಟಿಯಲ್ಲಿ ಬಿರುಸಾಗಿ, ಎದೆ ಒಣಗಿದವರಾಗಿ ಕಾಣುತ್ತಾರೆ. ಅವರು ನಮ್ಮ ಕೋಪಕ್ಕೂ ಒಂದು ಬೆಲೆ ಇದೆಯೆಂದು ನಂಬಿ, ಅದನ್ನು ಹೇಳಿ, ಕೊಳ್ಳುವುದೋ ಬಿಡುವುದೋ ನಮ್ಮ ವಿವೇಕವೆಂದು ಸರಿದು ನಿಲ್ಲುತ್ತಾರೆ. ಓದು ಬರಹ ಇಲ್ಲದವರನ್ನೂ ಹಾಗೆ ವಿವೇಕವಿದ್ದವರೆಂದು ನಂಬಿ ಕೂರಿಸಿ ಮಾತಾಡಿಸುವುದು ದೊಡ್ಡ ಮರ್ಯಾದೆ. ಅಂಥ ಮರ್ಯಾದೆ ಸಿಕ್ಕಿದ ಮೇಲೆ ಮನುಷ್ಯ ಸಾಮಾನ್ಯವಾಗಿ ಅದಕ್ಕೆ ತಕ್ಕ ಹಾಗೆಯೇ ನಡೆದುಕೊಳ್ಳುತ್ತಾನೆ.